ಇಂಧನ ಉಳಿಸಲು ಟ್ಯಾಂಕ್ ಫುಲ್

ಇಂಧನ ಉಳಿಸಿ ಅಂತ ನಮ್ಮ ಚಿತ್ರದುರ್ಗದಲ್ಲಿ ಬೈಕ್ ಜಾಥಾ ನಡೆಯಿತು. ಬಂದವರಿಗೆ ಒಂದು ಟೀ ಶರ್ಟು, ಒಂದು ಪೊಟ್ಟಣ ಮಂಡಕ್ಕಿ, ಒಂದು ಲೀಟರ್ ಪೆಟ್ರೋಲ್ ಕೂಪನ್. ಟೀ ಶರ್ಟು ಮಿಕ್ಕಿತು, ಕೂಪನ್ ಸಾಲಲಿಲ್ಲ.

ಗಾಂಧಿ ಸರ್ಕಲ್‌ನಲ್ಲಿ ಬಾವುಟ ತೋರಿಸಬೇಕಾದ ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ತಡ. ಅಷ್ಟು ಹೊತ್ತೂ ಬೈಕುಗಳು ನಿಂತಲ್ಲೇ ಗುರ್ ಗುರ್. ಪಕ್ಕದ ಹುಡುಗನಿಗೆ "ಆಫ್ ಮಾಡಪ್ಪಾ" ಅಂದೆ. "ಆಫ್ ಮಾಡಿದ್ರೆ ಜಾಥಾ ಅನ್ಸಲ್ಲ ಸಾರ್" ಅಂದ.

ಅತಿಥಿಗಳು ಬಂದು ಮೈಕ್ ಹಿಡಿದರು. "ಇನ್ನು 50 ವರ್ಷಕ್ಕೆ ಭೂಮಿಯ ಎಣ್ಣೆ ಖಾಲಿ!" ಚಪ್ಪಾಳೆ. ಯಾಕೆ ಅಂತ ಗೊತ್ತಾಗಲಿಲ್ಲ.

ಈ ಗಡುವು ನನಗೆ ಹಳೇ ಪರಿಚಯ. 1980ರ ಲೆಕ್ಕದಲ್ಲಿ ಜಗತ್ತಿನ ಎಣ್ಣೆ ಸುಮಾರು 30 ವರ್ಷಕ್ಕೆ ಸಾಲುವಷ್ಟಿತ್ತು. 40 ವರ್ಷ ಸುಟ್ಟ ಮೇಲೆ, 2020ರಲ್ಲಿ ನೋಡಿದರೆ ಸುಮಾರು 50 ವರ್ಷಕ್ಕಾಗುವಷ್ಟು! ಮಾಯ ಮಂತ್ರ ಏನಿಲ್ಲ. ಇವತ್ತಿನ ಬೆಲೆಗೆ, ಇವತ್ತಿನ ಯಂತ್ರದಲ್ಲಿ ಗಿಟ್ಟುವಷ್ಟನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಅಮೆರಿಕದ ಉತ್ಪಾದನೆ 1970ರ ಹೊತ್ತಿಗೆ ಇಳಿಯಬಹುದು ಅಂತ ಹಬ್ಬರ್ಟ್ ಎಂಬ ಭೂವಿಜ್ಞಾನಿ 1956ರಲ್ಲೇ ಹೇಳಿದ್ದರು. ಇಳಿಯಿತು. ಆಮೇಲೆ ಕಲ್ಲಿನ ಪದರ ಬಿರಿಯಿಸಿ ಎಣ್ಣೆ ತೆಗೆದರು, 2018ರಲ್ಲಿ ಹಳೇ ದಾಖಲೆ ಮುರಿಯಿತು. ನಮ್ಮ ಬೋರ್‌ವೆಲ್ ಕಥೆನೇ ಅಲ್ವಾ? 200 ಅಡಿಗೆ ಇಲ್ಲ ಅಂದ್ರೆ 800 ಅಡಿ. ನೀರು ಸಿಗುತ್ತೆ, ಹೊಲ ಅಡ ಇಡಬೇಕು ಅಷ್ಟೇ.

ಕೋಟೆ ಕಟ್ಟಿದವರು ಇನ್ನೂ ಜಾಣರು. ಕಲ್ಲಲ್ಲೇ ಎಣ್ಣೆ ಕೊಳ ಮಾಡಿಕೊಂಡಿದ್ದರು. ನಮ್ಮ ಸರ್ಕಾರವೂ ಮಂಗಳೂರು, ಪಾದೂರು, ವಿಶಾಖಪಟ್ಟಣದಲ್ಲಿ ಬಂಡೆ ಕೊರೆಸಿ ಕಚ್ಚಾ ತೈಲ ತುಂಬುವ ಗುಹೆ ಮಾಡಿಸಿದೆ. ಮೂರೂ ತುಂಬಿದರೆ ದೇಶಕ್ಕೆ ಸುಮಾರು 9.5 ದಿನ. ನಮ್ಮ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಜಾಸ್ತಿ ಹೊರದೇಶದ್ದು. ನಮ್ಮ ಮನೆ ಅಕ್ಕಿ ಡಬ್ಬ ಇದಕ್ಕಿಂತ ವಾಸಿ, ತಿಂಗಳಿಗೆ ಬರುತ್ತೆ.

ಇದೆಲ್ಲ ಅತಿಥಿಗಳ ಭಾಷಣದಲ್ಲಿ ಇರಲಿಲ್ಲ. "ನಡೆದು ಹೋಗಿ, ಸೈಕಲ್ ತುಳಿಯಿರಿ" ಅನ್ನುತ್ತಿದ್ದರು. ವೇದಿಕೆ ಹಿಂದೆ ಅವರ ಕಾರು ಏಸಿ ಹಾಕಿಕೊಂಡು ನಿಂತಿತ್ತು. ಸೀಟು ಕಾಯಬಾರದಲ್ಲ, ದುರ್ಗದ ಬಿಸಿಲು! ಅಷ್ಟರಲ್ಲಿ ಕರೆಂಟ್ ಹೋಯಿತು. ಒಬ್ಬ ಕ್ಯಾನ್ ಹಿಡಿದು ಓಡಿ ಬಂದು ಜನರೇಟರ್‌ಗೆ ಡೀಸೆಲ್ ಸುರಿದ. ಆಚೆ ಬೆಟ್ಟದ ಸಾಲಲ್ಲಿ ಗಾಳಿ ಫ್ಯಾನುಗಳು ತಮ್ಮ ಪಾಡಿಗೆ ತಿರುಗುತ್ತಿದ್ದವು. ಮೈಕ್ ಕೀಂಯ್ ಅಂತು. "ಎಲ್ಲಿಗೆ ನಿಲ್ಲಿಸಿದ್ದೆ?" ಅಂದರು ಅತಿಥಿಗಳು.