ಸ್ಪಷ್ಟನೆ: ಜಾರ್ಜ್ ಕೆಲ್ಲಿಂಗ್ ಪೊಲೀಸ್ ಅಧಿಕಾರಿಯಾಗಿರಲಿಲ್ಲ

‘ಒಡೆದ ಕಿಟಕಿ’ ಸಿದ್ಧಾಂತದ (ಸಣ್ಣಪುಟ್ಟ ಅವ್ಯವಸ್ಥೆಯನ್ನು ಹಾಗೇ ಬಿಟ್ಟರೆ ದೊಡ್ಡ ಅಪರಾಧಗಳಿಗೆ ದಾರಿಯಾಗುತ್ತದೆ ಎಂಬ ವಾದ) ಜಾರ್ಜ್ ಕೆಲ್ಲಿಂಗ್ ಅಮೆರಿಕದ ನಿವೃತ್ತ ಪೊಲೀಸ್ ಅಧಿಕಾರಿ, ಗಸ್ತು ಹೆಚ್ಚಿಸಿದರೆ ಅಪರಾಧ ಇಳಿಯುತ್ತದೆಂದು ಸಾಬೀತುಪಡಿಸಿದವರು ಎಂಬ ಸಂದೇಶ ಹರಿದಾಡುತ್ತಿದೆ. ಎರಡೂ ತಪ್ಪು. ಅವರು ಪ್ರೊಬೇಷನ್ ಅಧಿಕಾರಿಯಾಗಿದ್ದವರು (ಜೈಲಿಗೆ ಬದಲು ಷರತ್ತಿನ ಮೇಲೆ ಹೊರಗಿರುವ ಅಪರಾಧಿಗಳ ಮೇಲ್ವಿಚಾರಕ), ಮುಂದೆ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

1972–73ರ ಕಾನ್ಸಾಸ್ ಸಿಟಿ ಪ್ರಯೋಗದಲ್ಲಿ ಅವರ ತಂಡ 15 ಬೀಟ್‌ಗಳನ್ನು (ಪೊಲೀಸ್ ಗಸ್ತು ಪ್ರದೇಶಗಳನ್ನು) ಐದೈದಾಗಿ ವಿಂಗಡಿಸಿತು. ಐದರಲ್ಲಿ ವಾಡಿಕೆಯ ಗಸ್ತೇ ಇಲ್ಲ, ಕರೆ ಬಂದರೆ ಮಾತ್ರ ಕಾರು ಒಳಹೋಗಬೇಕು. ಇನ್ನೈದರಲ್ಲಿ ಗಸ್ತು ಎರಡು-ಮೂರು ಪಟ್ಟು. ಉಳಿದ ಕಡೆ ಎಂದಿನಂತೆ. ಅಪರಾಧದಲ್ಲಿ ಗಮನಾರ್ಹ ವ್ಯತ್ಯಾಸವೇ ಕಾಣಲಿಲ್ಲ. ಅವರು ಅಧ್ಯಯನ ಮಾಡಿದ ನ್ಯೂವಾರ್ಕ್ ನಗರದ ಕಾಲ್ನಡಿಗೆ ಗಸ್ತಿನಿಂದಲೂ ಅಪರಾಧ ಇಳಿಯಲಿಲ್ಲ. ಇಳಿದದ್ದು ಜನರ ಭಯ. 1982ರಲ್ಲಿ ರಾಜ್ಯಶಾಸ್ತ್ರಜ್ಞ ಜೇಮ್ಸ್ ಕ್ಯೂ. ವಿಲ್ಸನ್ ಜೊತೆ ಬರೆದ, ‘ಒಡೆದ ಕಿಟಕಿ’ ಸಿದ್ಧಾಂತ ಮಂಡಿಸಿದ ಪ್ರಸಿದ್ಧ ಲೇಖನ ಶುರುವಾಗುವುದೇ ಇಲ್ಲಿಂದ. ಗಸ್ತು ಕಾರು ಹೆಚ್ಚಿಸಿ ಎನ್ನುವುದಕ್ಕೆ ಅವರ ಹೆಸರು ಬಳಸುವುದು ಅನ್ಯಾಯ. ಸಣ್ಣ ತಪ್ಪಿಗೆಲ್ಲ ಬಂಧಿಸುವ ನೀತಿಗೆ ತಮ್ಮ ಸಿದ್ಧಾಂತವನ್ನು ತಳುಕು ಹಾಕುವುದನ್ನೂ ಅವರು ಬಹಿರಂಗವಾಗಿ ವಿರೋಧಿಸಿದ್ದರು.