ಮಹಿಷ ಬರುವ ಹೊತ್ತಿಗೆ ಮಗುವನ್ನು ಎಬ್ಬಿಸಬೇಕೇ?

ದೇವಿಮಹಾತ್ಮೆಯ ಯಕ್ಷಗಾನ ಬಯಲಾಟಕ್ಕೆ ಮಕ್ಕಳನ್ನು ಕಟ್ಟಿಕೊಂಡು ಹೋಗುವ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಒಪ್ಪಂದ ಇರುತ್ತದೆ. ಬ್ರಹ್ಮ ವಿಷ್ಣು ವಾದಿಸಲಿ, ಮಧು-ಕೈಟಭರು ಹೊಡೆದಾಡಲಿ, ಅಜ್ಜಿಯ ತೊಡೆಯ ಮೇಲೆ ಮಲಗಿದ ಮಗುವಿನ ತಂಟೆಗೆ ಯಾರೂ ಹೋಗುವುದಿಲ್ಲ. ಆದರೆ ಗದ್ದೆಯ ಆಚೆ ಬದಿಯಲ್ಲಿ ದೊಂದಿಯ ಬೆಳಕು ಕಂಡದ್ದೇ ತಡ, ಅಪ್ಪ ಭುಜ ಹಿಡಿದು, ಅತ್ತೆ ಕಾಲು ಹಿಡಿದು ಅಲುಗಾಡಿಸುತ್ತಾರೆ: "ಏಳು ಮಗಾ, ಏಳು, ಮಹಿಷಾಸುರ ಬಂದ!" ಕಣ್ಣುಬಿಟ್ಟ ಮಗುವಿಗೆ ಕಾಣುವುದು ಬೆಂಕಿ, ಹೊಗೆ, ಎರಡು ಕೊಂಬು, ಕೇಕೆ ಹಾಕುತ್ತಿರುವ ಜನ. ಅದು ಕಿರುಚುತ್ತದೆ. ಎಬ್ಬಿಸಿದವರೇ ಈಗ ಬೆನ್ನು ಸವರುತ್ತಾರೆ: "ಹೆದರ್ಬೇಡ, ಅದು ವೇಷ ಅಷ್ಟೆ." ವೇಷ ಅಷ್ಟೇ ಆಗಿದ್ದರೆ ಎಬ್ಬಿಸಿದ್ದು ಯಾಕೆ ಎಂದು ಕೇಳುವ ವಯಸ್ಸು ಅದಕ್ಕಿನ್ನೂ ಆಗಿರುವುದಿಲ್ಲ.

ಮನೆಮಂದಿಯೆಲ್ಲ ಕೂತು ನೋಡುವ ಹಾಡು-ಕುಣಿತದ ಆಟದಲ್ಲಿ ಎಳೆಯ ಮಕ್ಕಳನ್ನು ಹೆದರಿಸುವ ದೃಶ್ಯ ಇರಬೇಕೇ ಎಂಬ ಚರ್ಚೆ ಈಗೀಗ ಅಲ್ಲಲ್ಲಿ ಕೇಳುತ್ತದೆ. ಕರಾವಳಿಯಲ್ಲಿ ಇದನ್ನು ಜೋರಾಗಿ ಕೇಳುವ ಧೈರ್ಯ ಯಾರಿಗೂ ಇಲ್ಲ. ಕಟೀಲು ದೇವಸ್ಥಾನದ ಯಕ್ಷಗಾನ ಮೇಳಗಳ ಹರಕೆಯಾಟಕ್ಕೆ ವರ್ಷಗಟ್ಟಲೆ ಕಾದು ಕೂತ ಮನೆಯವರ ಹತ್ತಿರ ಹೋಗಿ, ಮಕ್ಕಳು ಹೆದರುತ್ತಾರೆ, ಮಹಿಷನನ್ನು ಸ್ವಲ್ಪ ಕಮ್ಮಿ ಮಾಡಿಸಿ ಎಂದು ನೋಡಿ! ಮಹಿಷನಿಲ್ಲದೆ ದೇವಿಗೇನು ಕೆಲಸ? ಇರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಎಷ್ಟು ಹತ್ತಿರದಿಂದ, ಎಷ್ಟು ಸದ್ದಿನಲ್ಲಿ, ಎಂಥ ನಿದ್ದೆಯಿಂದ ಎಬ್ಬಿಸಿ ತೋರಿಸುತ್ತೇವೆ ಎನ್ನುವುದು ಮಾತ್ರ ಬೇರೆ ಲೆಕ್ಕ. ಆ ಲೆಕ್ಕ ತಪ್ಪಿದಾಗ ಬೈಗುಳ ತಿನ್ನುವವನು ಪಾಪ, ರಾಕ್ಷಸ.

ಹಾಗೆ ನೋಡಿದರೆ ಹೆದರಿಕೆಯನ್ನು ಅಳೆದು ಬಡಿಸುವ ವಿದ್ಯೆ ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿಗೆ ಚೆನ್ನಾಗಿಯೇ ಗೊತ್ತು. ಬಣ್ಣದ ವೇಷ, ಅಂದರೆ ರಾಕ್ಷಸ, ತೆರೆಯ ಹಿಂದಿನಿಂದ ಮೊದಲು ಕಾಣಿಸಿಕೊಳ್ಳುವ ತೆರೆ ಒಡ್ಡೋಲಗವನ್ನೇ ತೆಗೆದುಕೊಳ್ಳಿ. ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಚೆಂಡೆ ಬಿಡಿಬಿಡಿಯಾಗಿ ಶುರುವಾಗುತ್ತದೆ. ಮೊದಲು ಕಾಣುವುದು ತೆರೆಯ ಮೇಲಿನಿಂದ ಕಿರೀಟದ ತುದಿ. ಆಮೇಲೆ ಅಂಚನ್ನು ಹಿಡಿದ ಬೆರಳು. ಕೆಳಗಿನಿಂದ ಗೆಜ್ಜೆ ಕಟ್ಟಿದ ಕಾಲು. ಒಳಗಿನಿಂದ ಒಂದು ಆರ್ಭಟ. ಅರ್ಧ ಮುಖ ಕಂಡಿತು ಅನ್ನುವಾಗ ತೆರೆ ಮತ್ತೆ ಮೇಲೆ. ಪೂರ್ತಿ ರಾವಣ ಕಾಣಿಸಿಕೊಳ್ಳುವುದರೊಳಗೆ ನಾಲ್ಕು ವರ್ಷದ ಮಗು ಐದಾರು ಸಲ ಹೆದರಿ, ಐದಾರು ಸಲ ಸುಧಾರಿಸಿಕೊಂಡಿರುತ್ತದೆ. ಪ್ರತಿ ಸಲವೂ ತೆರೆ ಮುಚ್ಚಿದಾಗ ಅದು ಅಮ್ಮನ ಮುಖ ನೋಡುತ್ತದೆ, ಅಮ್ಮ ನಗುತ್ತಿರುತ್ತಾಳೆ, ಮತ್ತೆ ರಂಗಸ್ಥಳದ ಕಡೆ ತಿರುಗುತ್ತದೆ. ಮಕ್ಕಳ ನಾಟಕ ಆಡಿಸುವವರು ಕಲಿಯಬೇಕಾದ ಮುಖ್ಯ ಪಾಠ ಇಲ್ಲಿದೆ: ಹೆದರಿಸುವ ಎರಡು ಗಳಿಗೆಗಳ ನಡುವೆ ಅಮ್ಮನ ಮುಖ ನೋಡುವಷ್ಟು ಪುರಸೊತ್ತು ಇರಬೇಕು, ಆ ಮುಖ ಕಾಣುವಷ್ಟು ಬೆಳಕೂ ಇರಬೇಕು. ಶಾಲಾ ವಾರ್ಷಿಕೋತ್ಸವಗಳಲ್ಲಿ ಕೆಡುವುದು ಇಲ್ಲೇ. ಹುಲಿಯ ಪ್ರವೇಶಕ್ಕೆ ಸಭಾಂಗಣದ ದೀಪವನ್ನೆಲ್ಲ ಆರಿಸಿಬಿಡುತ್ತಾರೆ. ಮಕ್ಕಳು ಆಗ ಚೀರುವುದು ಹುಲಿಯನ್ನು ಕಂಡಲ್ಲ, ಹುಲಿ ಇನ್ನೂ ಪರದೆಯ ಹಿಂದೆ ಬಾಲ ಸರಿಮಾಡಿಕೊಳ್ಳುತ್ತಿರುತ್ತದೆ.

ತೆರೆ ಸರಿದ ಮೇಲಿನ ಉಪಾಯ ಇನ್ನೂ ಸೊಗಸು. ಅಷ್ಟು ಭಯಂಕರವಾಗಿ ಬಂದ ರಾಕ್ಷಸ ರಾಜ ಮಾಡುವುದೇನು? ಸ್ನಾನ. ಮೈ ತಿಕ್ಕಿಕೊಳ್ಳುತ್ತಾನೆ, ಭಸ್ಮ ಹಚ್ಚಿಕೊಳ್ಳುತ್ತಾನೆ, ಶಿವಪೂಜೆಗೆ ಕೂರುತ್ತಾನೆ. ಶೂರ್ಪನಖಿ, ಪೂತನಿಯಂಥ ಹೆಣ್ಣುಬಣ್ಣವಾದರೆ ಕನ್ನಡಿ ಹಿಡಿದು ತಲೆ ಬಾಚುವುದು, ಸಿಕ್ಕು ಬಿಡಿಸುವುದು, ತನ್ನ ಚೆಂದಕ್ಕೆ ತಾನೇ ಮರುಳಾಗುವುದು. ಬೆಳಿಗ್ಗೆ ಬಚ್ಚಲುಮನೆಯಲ್ಲಿ ದಿನಾ ನಡೆಯುವ ಜಗಳವನ್ನೇ ರಕ್ಕಸಿಯೂ ಮಾಡುತ್ತಿದ್ದಾಳೆ ಎಂದು ಗೊತ್ತಾದ ಮಗು ಕಣ್ಣಿನ ಮೇಲಿಟ್ಟ ಕೈಯ ಬೆರಳು ಬಿಡಿಸುತ್ತದೆ. ನಡುವೆ ಹಾಸ್ಯಗಾರನೂ ಬಂದು ಆ ದೊಡ್ಡ ಕಿರೀಟದ ಎದುರು ಹೆದರಿದವನಂತೆ ನಟಿಸಿದರೆ, ಹೆದರುವ ಕೆಲಸವನ್ನು ಮಗು ಅವನಿಗೆ ವಹಿಸಿ ತಾನು ನಗಲು ಶುರುಮಾಡುತ್ತದೆ.

ಮಹಿಷನದ್ದು ಬೇರೆಯೇ ದಾರಿ. ಅವನಿಗೆ ತೆರೆ ಇಲ್ಲ, ಸ್ನಾನವಿಲ್ಲ. ವೇಷ ಕಟ್ಟುವ ಚೌಕಿಯಿಂದ ನೇರ ರಂಗಸ್ಥಳಕ್ಕೆ ಬರುವ ಬದಲು ಎಲ್ಲಿಂದಲೋ ಹೊರಟು ಪ್ರೇಕ್ಷಕರ ನಡುವಿನಿಂದಲೇ ನುಗ್ಗುತ್ತಾನೆ. ರಂಗಸ್ಥಳದಲ್ಲಿ ಇರುವವರೆಗೆ ರಾಕ್ಷಸ ಆಟದವನು. ನಮ್ಮ ಕುರ್ಚಿಯ ಪಕ್ಕಕ್ಕೆ ಬಂದರೆ ಆಟ ಯಾವುದು, ಊರು ಯಾವುದು ಎಂಬ ಗೆರೆಯೇ ಅಳಿಸಿಹೋಗುತ್ತದೆ. ದೊಡ್ಡವರಿಗೆ ರೋಮಾಂಚನ ಆಗುವುದೂ ಮಗುವಿಗೆ ದಿಗಿಲು ಬೀಳುವುದೂ ಅದೇ ಕಾರಣಕ್ಕೆ. ಹಾಗಾಗಿ ಸಂಘಟಕರು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಆ ದಾರಿಯನ್ನು. ಎಂಟು ಅಡಿಯಾದರೂ ಅಗಲ ಬಿಟ್ಟು ಎರಡೂ ಬದಿಗೆ ಹಗ್ಗ ಕಟ್ಟಬೇಕು. ದಾರಿಯ ಅಂಚಿನ ಮೊದಲ ಎರಡು ಸಾಲು ದೊಡ್ಡವರಿಗೆ. ಮಕ್ಕಳನ್ನು ಹಿಡಿದುಕೊಂಡವರು ಎದುರು ಬದಿಯಲ್ಲಿ ಕೂತರೆ ಮಹಿಷ ದೂರದಿಂದ ಹತ್ತಿರವಾಗುತ್ತ ಬರುವುದು ಕಾಣುತ್ತದೆ. ಬೆನ್ನ ಹಿಂದಿನಿಂದ ಬಂದವನಿಗೆ ಹೆದರದ ಮನುಷ್ಯರಿಲ್ಲ.

ಬೆಂಕಿಯ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ದೊಂದಿಗೆ ಎಸೆಯುವ ರಾಳ ಅಂದರೆ ಒಣಗಿದ ಮರದಂಟಿನ ಪುಡಿ. ಗಟ್ಟಿಯಾಗಿದ್ದಾಗ ಸಾವಕಾಶ ಉರಿಯುವ ಈ ಪದಾರ್ಥ ನುಣ್ಣನೆಯ ಪುಡಿಯಾಗಿ ಗಾಳಿಯಲ್ಲಿ ಹರಡಿದಾಗ ಒಮ್ಮೆಗೇ ಭುಗ್ಗೆಂದು ಹೊತ್ತಿ ಅಷ್ಟೇ ಬೇಗ ಆರಿಹೋಗುತ್ತದೆ. ಎಲ್ಲ ಸರಿಯಿದ್ದರೆ ಕೆಳಗೆ ಬೀಳುವಷ್ಟರಲ್ಲಿ ಬೆಂಕಿ ಉಳಿದಿರುವುದಿಲ್ಲ. ಪುಡಿ ತೇವ ಹಿಡಿದು ಗಂಟುಕಟ್ಟಿದರೆ ಮಾತ್ರ ಕಷ್ಟ. ಗಂಟು ಉರಿಯುತ್ತಲೇ ಕೆಳಗೆ ಬೀಳುತ್ತದೆ, ಅಂಟಿನ ಗುಣ ಬಿಡದೆ ಬಿದ್ದಲ್ಲಿ ಅಂಟಿಕೊಳ್ಳುತ್ತದೆ. ಆಟದ ದಿನ ಮಕ್ಕಳಿಗೆ ಹಾಕುವುದೋ, ಇದ್ದುದರಲ್ಲಿ ಚೆಂದದ್ದು ಎಂದು ಜಾಲರಿಯ ನೈಲಾನ್ ಫ್ರಾಕು. ಪುಡಿಯನ್ನು ಹೊರಡುವ ಮುಂಚೆ ಜರಡಿ ಹಿಡಿಯಬೇಕು, ಒಂದು ಸಲಕ್ಕೆ ಒಂದು ಹಿಡಿಗಿಂತ ಹೆಚ್ಚು ಬೇಡ, ಗಾಳಿ ಜನರ ಕಡೆ ಬೀಸುತ್ತಿದ್ದರೆ ಎಸೆಯುವುದೇ ಬೇಡ. ಶಾಮಿಯಾನದ ಬಟ್ಟೆಯ ಕೆಳಗಂತೂ ಕೂಡದು. ದಾರಿಯುದ್ದಕ್ಕೂ ನಾಲ್ಕು ಕಡೆ ಬಾಲ್ದಿಯಲ್ಲಿ ನೀರು, ಒದ್ದೆ ಗೋಣಿ ಇಟ್ಟುಕೊಂಡರೆ ಮಹಿಷನ ಮರ್ಯಾದೆಗೇನೂ ಕುಂದಿಲ್ಲ.

ಸದ್ದಿನದ್ದು ಇನ್ನೊಂದು ಕಥೆ. ಚೆಂಡೆ ಮೈದಾನಕ್ಕೆಂದೇ ಹುಟ್ಟಿದ ವಾದ್ಯ, ಅದಕ್ಕೆ ಮೈಕು ಬೇಕಾಗಿಯೇ ಇಲ್ಲ. ಭಾಗವತರ ಕಂಠಕ್ಕೆ ಮೈಕು ಕೊಟ್ಟ ಮೇಲೆ ಮದ್ದಳೆಗೆ ಬೇಕಾಯಿತು, ಚೆಂಡೆಯೂ ಸುಮ್ಮನಿರಲಿಲ್ಲ. ಈಗ ರಂಗಸ್ಥಳದ ಎರಡೂ ಬದಿಗೆ ಆಳೆತ್ತರದ ಸ್ಪೀಕರ್ ಬಾಕ್ಸು, ಅದರ ಬಾಯಿಗೆ ಸರಿಯಾಗಿ ಮುಂದಿನ ಚಾಪೆಯಲ್ಲಿ ಮಕ್ಕಳು. ಹತ್ತಿರ ಕೂತರೆ ಚೆನ್ನಾಗಿ ಕಾಣುತ್ತದೆ ಎಂದು ಪ್ರೀತಿಯಿಂದಲೇ ಅಲ್ಲಿ ಕೂರಿಸಿರುತ್ತಾರೆ. ಜೊತೆಗೆ ಗರ್ನಾಲು ಪಟಾಕಿ ಬೇರೆ. ಹಠಾತ್ತನೆ ಎದ್ದ ದೊಡ್ಡ ಸದ್ದಿಗೆ ಬೆಚ್ಚುವುದು ಹುಟ್ಟಿನಿಂದಲೇ ಬಂದ ಗುಣ, ತೊಟ್ಟಿಲ ಕೂಸೂ ಬೆಚ್ಚುತ್ತದೆ. ಇದನ್ನು ಕಥೆ ಹೇಳಿ ಸಮಾಧಾನಪಡಿಸಲಾಗುವುದಿಲ್ಲ. ಅದೇ ಸದ್ದು ಸಣ್ಣದಾಗಿ ಶುರುವಾಗಿ ಏರುತ್ತ ಬಂದರೆ ಅಷ್ಟು ಆಘಾತವಿಲ್ಲ. ಚೆಂಡೆಯವರಿಗೆ ಇದನ್ನು ಕಲಿಸಬೇಕಾಗಿಲ್ಲ, ಧ್ವನಿವರ್ಧಕದ ಗುಂಡಿ ತಿರುಗಿಸುವ ಹುಡುಗನಿಗೆ ಕಲಿಸಬೇಕು. ಮಕ್ಕಳ ಚಾಪೆಯನ್ನು ಸ್ಪೀಕರಿನ ನೇರದಿಂದ ತಪ್ಪಿಸಿ ಮೂವತ್ತು ನಲವತ್ತು ಅಡಿ ಹಿಂದೆ ಹಾಸಿದರೆ ಅರ್ಧ ಅಳು ಅಲ್ಲೇ ನಿಲ್ಲುತ್ತದೆ.

ಇನ್ನು "ಅದು ವೇಷ ಅಷ್ಟೆ" ಎಂಬ ಸಮಾಧಾನ. ಎಲ್ಲರೂ ಹೇಳುತ್ತಾರೆ, ಮೂರು ವರ್ಷದ ಮಗುವಿನ ಮಟ್ಟಿಗೆ ಅದು ವ್ಯರ್ಥಾಲಾಪ. 1969ರಲ್ಲಿ ಅಮೆರಿಕದ ಸಂಶೋಧಕಿ ರೀಟಾ ಡಿವ್ರೀಸ್ ಒಂದು ಚೆಂದದ ಪ್ರಯೋಗ ಪ್ರಕಟಿಸಿದರು. ಮೇನಾರ್ಡ್ ಎಂಬ ಸಾಧು ಬೆಕ್ಕನ್ನು ಮಕ್ಕಳಿಗೆ ಪರಿಚಯಿಸಿ, ಆಮೇಲೆ ಅದಕ್ಕೆ ನಾಯಿಯ ಮುಖವಾಡ ಹಾಕಿ, ಇದು ಈಗ ಏನು ಎಂದು ಕೇಳಿದರು. ಅದೇ ಬೆಕ್ಕು ಎಂದು ಆರು ವರ್ಷದವರಲ್ಲಿ ಹೆಚ್ಚಿನವರಿಗೆ ಗೊತ್ತಿತ್ತು. ಮೂರು ವರ್ಷದವರಲ್ಲಿ ಬಹಳಷ್ಟು ಮಕ್ಕಳಿಗೆ ಅದು ನಾಯಿಯೇ ಆಗಿಬಿಟ್ಟಿತ್ತು. ಮೂರರ ಮಗುವಿಗೆ ಕಂಡದ್ದೇ ನಿಜ. ಬಣ್ಣದ ವೇಷದ ಮುಖವೋ, ಕಾಣುವುದಕ್ಕೆಂದೇ ಗಂಟೆಗಟ್ಟಲೆ ಕೂತು ಕಟ್ಟಿದ್ದು. ಅಕ್ಕಿಹಿಟ್ಟು ಸುಣ್ಣ ಕಲಸಿ, ಕಡ್ಡಿಯ ತುದಿಯಿಂದ ಒಂದೊಂದೇ ಚಿಟ್ಟಿ, ಅಂದರೆ ಹಿಟ್ಟಿನ ಚುಕ್ಕೆ, ಇಟ್ಟು, ಒಣಗಿದ ಮೇಲೆ ಮತ್ತೊಂದು ಸುತ್ತು ಇಟ್ಟು ಮುಳ್ಳುಮುಳ್ಳಾಗಿ ಬೆಳೆಸಿದ್ದು. ಮೂಗಿನ ಮೇಲೆ ಹತ್ತಿಯ ಉಂಡೆ. ದೂರದ ಗದ್ದೆಯಂಚಿನಲ್ಲಿ ನಿಂತವನಿಗೂ ಮುಖದ ಕ್ರೌರ್ಯ ಕಾಣಲಿ ಎಂದು ಮಾಡಿದ ಲೆಕ್ಕವಿದು. ಮೂರು ಅಡಿ ದೂರದಿಂದ ನೋಡಿದ ಮಗುವಿಗೆ ಅದು ಹತ್ತುಪಟ್ಟಾಗಿ ತಾಗುತ್ತದೆ.

ಚೌಕಿಗೆ ಕರೆದುಕೊಂಡು ಹೋಗಿ ತೋರಿಸುವ ರೂಢಿ ಇದಕ್ಕೆ ಒಳ್ಳೆಯ ಮದ್ದು, ನಾಲ್ಕು ದಾಟಿದವರಿಗೆ. ಬಣ್ಣ ಪೂರ್ತಿಯಾದ ಮೇಲೆ ಹೋದರೆ ಫಲವಿಲ್ಲ, ಇನ್ನಷ್ಟು ಹತ್ತಿರದಿಂದ ಹೆದರಿಸಿದಂತಾಗುತ್ತದೆ. ಅರ್ಧ ಕೆನ್ನೆಗೆ ಚಿಟ್ಟಿ ಇಟ್ಟು ಇನ್ನರ್ಧ ಬರಿದಾಗಿರುವಾಗ ಹೋಗಬೇಕು. ಆ ಹೊತ್ತಿಗೆ ರಾಕ್ಷಸ ಬನಿಯನ್ನಿನಲ್ಲಿ ಕೂತು, ಬಣ್ಣ ಕೆಡದಂತೆ ತುಟಿಯನ್ನಷ್ಟೇ ಚಾಚಿ ಚಹಾ ಕುಡಿಯುತ್ತಿರುತ್ತಾನೆ. ಮಕ್ಕಳು ಅದನ್ನು ಮರೆಯುವುದಿಲ್ಲ. ಕಲಾವಿದರಿಗೆ ತೊಂದರೆ ಕೊಡದೆ, ಫೋಟೋ ಎಂದು ಮೈಮೇಲೆ ಬೀಳದೆ, ಐದು ನಿಮಿಷ ಬಾಗಿಲ ಬಳಿ ನಿಂತು ನೋಡಿ ಬಂದರೆ ಸಾಕು.

ಎಬ್ಬಿಸುವವರಿಗೆ ಒಂದು ಕಿವಿಮಾತು. ರಾತ್ರಿ ಒಂಬತ್ತಕ್ಕೆ ಮಲಗಿದ ಮಗುವಿನ ನಿದ್ದೆ ಮೊದಲ ಎರಡು ಮೂರು ಗಂಟೆ ತುಂಬ ಗಾಢ. ಆಗ ಜಗ್ಗಿ ಎಬ್ಬಿಸಿದರೆ ಕಣ್ಣು ತೆರೆದಿದ್ದರೂ ಪೂರ್ತಿ ಎಚ್ಚರ ಇರುವುದಿಲ್ಲ. ಮಕ್ಕಳು ನಿದ್ದೆಯಲ್ಲೇ ಚೀರಿ ಎದ್ದು ಕೂರುವುದೂ ಸಾಮಾನ್ಯವಾಗಿ ರಾತ್ರಿಯ ಈ ಹೊತ್ತಿನಲ್ಲೇ. ಇಡೀ ರಾತ್ರಿಯ ಆಟದಲ್ಲಿ ಮಹಿಷ ಬರುವುದು ನಡುರಾತ್ರಿಯ ಆಚೀಚೆ; ಸರಿಯಾಗಿ ಅದೇ ಗಳಿಗೆ. ತೋರಿಸಲೇಬೇಕೆಂದಿದ್ದರೆ ಇಪ್ಪತ್ತು ನಿಮಿಷ ಮುಂಚೆ ಎಬ್ಬಿಸಿ, ಮುಖ ತೊಳೆಸಿ, ಒಂದಕ್ಕೆ ಮಾಡಿಸಿ, ಎರಡು ತುತ್ತು ಚುರುಮುರಿ ಕೊಟ್ಟು, ಏನಾಗಲಿದೆ ಎಂದು ಮೊದಲೇ ಹೇಳಬೇಕು: ಆ ಕಡೆಯಿಂದ ಬರುತ್ತಾನೆ, ಬೆಂಕಿ ಇರುತ್ತದೆ, ಮೇಲೆ ಹೋಗಿ ಕುಣಿಯುತ್ತಾನೆ, ಕೊನೆಗೆ ದೇವಿ ಕೊಲ್ಲುತ್ತಾಳೆ. ಕಥೆಯ ಕೊನೆ ಹೇಳಿಬಿಟ್ಟರೆ ಸ್ವಾರಸ್ಯ ಹೋಗುತ್ತದೆ ಎಂಬ ಚಿಂತೆ ಬೇಡ. ದೇವಿಮಹಾತ್ಮೆಯ ಕೊನೆ ಗೊತ್ತಿಲ್ಲದವರು ಆ ಮೈದಾನದಲ್ಲಿ ಯಾರಿದ್ದಾರೆ?

ದೊಡ್ಡ ಮಕ್ಕಳ ಹೆದರಿಕೆ ಬೇರೆ ಜಾತಿಯದು. ಅದನ್ನು ನೋಡಲು ಗೋವಿನ ಹಾಡನ್ನು ಆಡಿಸುವ ಶಾಲೆಗೆ ಹೋಗಬೇಕು. ಹುಲಿ ಘರ್ಜಿಸಿದರೆ ಎಲ್‌ಕೆಜಿಯ ಸಾಲು ಅಳುತ್ತದೆ, ಮೂರನೇ ತರಗತಿಯವರು ಹುಲಿಯೊಳಗಿನ ಹುಡುಗನ ಹೆಸರು ಹಿಡಿದು ಕೂಗುತ್ತಾರೆ. ಆದರೆ ಪುಣ್ಯಕೋಟಿ ಕರುವನ್ನು ಬಿಟ್ಟು ಹೊರಡುವಾಗ ನೋಡಿ. ಪುಟ್ಟವರು ಆರಾಮವಾಗಿ ಚಾಕೊಲೇಟಿನ ಕಾಗದ ಬಿಚ್ಚುತ್ತಿರುತ್ತಾರೆ, ಮೂರನೇ ತರಗತಿಯ ಸಾಲಿನಲ್ಲಿ ಮೂಗು ಎಳೆಯುವ ಸದ್ದು. ಅಮ್ಮ ಇಲ್ಲದೇ ಹೋಗಬಹುದು ಎಂಬುದು ಅವರಿಗೆ ಅರ್ಥವಾಗಿದೆ. ಕೆಲವು ಶಿಕ್ಷಕರು ಮಕ್ಕಳಿಗೆ ಹಿಂಸೆ ಬೇಡವೆಂದು ಹುಲಿ ಪ್ರಾಣಬಿಡುವುದನ್ನು ತೆಗೆದು, ಹುಲಿ ಹಸು ಕೈಹಿಡಿದು ಕುಣಿಯುವಂತೆ ಮಾಡುತ್ತಾರೆ. ಕರು ಅಳುವ ಭಾಗ ಹಾಗೇ ಇರುತ್ತದೆ, ಹಾಡು ಚೆನ್ನಾಗಿದೆಯಲ್ಲ! ಹೆದರಿಕೆಯನ್ನು ಎಲ್ಲಿ ಹುಡುಕಬೇಕು ಎಂಬುದೇ ದೊಡ್ಡವರಿಗೆ ತಿಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆಟ ಮುಗಿದ ಮೇಲಿನ ನಾಲ್ಕು ದಿನ ಮಗುವನ್ನು ಗಮನಿಸಿದರೆ ಲೆಕ್ಕ ಸರಿಯಾಯಿತೋ ಇಲ್ಲವೋ ತಿಳಿಯುತ್ತದೆ. ಅಡಿಕೆ ಹಾಳೆಯ ಕಿರೀಟ ಕಟ್ಟಿಕೊಂಡು, ತೆಂಗಿನ ಗರಿಯ ದಂಟು ಬೀಸುತ್ತ, ತಂಗಿಯನ್ನು ದೇವಿ ಮಾಡಿ ತಾನೇ ಮಹಿಷನಾಗಿ ಅಂಗಳದಲ್ಲಿ ಹತ್ತು ಸಲ ಸತ್ತರೆ ಚಿಂತೆಯಿಲ್ಲ. ಒಬ್ಬರೇ ಬಚ್ಚಲಿಗೆ ಹೋಗಲು ಒಲ್ಲೆನೆಂದರೆ, ಚೆಂಡೆಯ ಸದ್ದು ಮೊಬೈಲಿನಲ್ಲಿ ಕೇಳಿದರೂ ಮೈಗೆ ಅಂಟಿಕೊಂಡರೆ, ಮುಂದಿನ ವರ್ಷ ಚಾಪೆ ಇನ್ನಷ್ಟು ಹಿಂದಕ್ಕೆ. ಆದರೆ ಎಷ್ಟೋ ಸಲ ಕೆಲಸ ಕೆಡಿಸುವುದು ಆಟವಲ್ಲ, ಅದರ ಮಾರನೆಯ ದಿನ ಅಡುಗೆಮನೆಯಿಂದ ಬರುವ ಮಾತು: "ಊಟ ಮಾಡ್ತೀಯಾ, ಮಹಿಷನಿಗೆ ಹಿಡಿದು ಕೊಡ್ಲಾ?" ದೇವಿ ಅಷ್ಟು ಕಷ್ಟಪಟ್ಟು ಕೊಂದವನನ್ನು ಒಂದು ತುತ್ತು ಅನ್ನಕ್ಕಾಗಿ ಮತ್ತೆ ಬದುಕಿಸಿ ಮನೆ ಬಾಗಿಲಲ್ಲಿ ನಿಲ್ಲಿಸುವುದು ಅನ್ಯಾಯ.

ಕಾಲಮಿತಿಯ ಆಟಗಳು ಬಂದ ಮೇಲೆ ಇನ್ನೊಂದು ಬದಲಾವಣೆಯಾಗಿದೆ. ಸಂಜೆ ಶುರುವಾಗಿ ನಡುರಾತ್ರಿಯೊಳಗೆ ಮುಗಿಯುವ ಆಟದಲ್ಲಿ ಮಹಿಷ ಊಟದ ಹೊತ್ತಿನ ಹಿಂದೆಮುಂದೆಯೇ ಬಂದುಬಿಡುತ್ತಾನೆ. ಎಬ್ಬಿಸುವ ಪಾಪ ತಪ್ಪಿತು, ಸರಿ. ಆದರೆ ಮೊದಲು ನಿದ್ದೆಯ ನೆಪದಲ್ಲಿ ತಪ್ಪಿಸಿಕೊಳ್ಳುತ್ತಿದ್ದ ಎರಡು ಮೂರು ವರ್ಷದವರೂ ಈಗ ಕಣ್ಣುಬಿಟ್ಟುಕೊಂಡೇ ಸಿಕ್ಕಿಬೀಳುತ್ತಾರೆ. ಇದಕ್ಕೆ ಖರ್ಚಿಲ್ಲದ ಪರಿಹಾರವಿದೆ. ಆಟದ ಆಮಂತ್ರಣ ಪತ್ರಿಕೆಯಲ್ಲಿ ಚೌಕಿಪೂಜೆಯ ಸಮಯ ಇರುತ್ತದೆ, ಅನ್ನಸಂತರ್ಪಣೆಯ ಸಮಯ ಇರುತ್ತದೆ, ಸಹಕರಿಸಿದ ದಾನಿಗಳ ಹೆಸರು ಬಿರುದು ಸಮೇತ ಇರುತ್ತದೆ. ಅವುಗಳ ಕೆಳಗೆ "ಮಹಿಷಾಸುರನ ಪ್ರವೇಶ: ಸುಮಾರು 9.30ಕ್ಕೆ, ಬಡಗು ಬದಿಯ ಗದ್ದೆಯಿಂದ" ಎಂದು ಒಂದು ಸಾಲು ಹಾಕಿಸಿದರಾಯಿತು. ಕಂಕುಳ ಕೂಸಿನವರು ಅಷ್ಟು ಹೊತ್ತಿಗೆ ತೆಂಕು ಬದಿಯ ಚುರುಮುರಿ ಗಾಡಿಯ ಹತ್ತಿರ ಹೋಗಿ ನಿಲ್ಲುತ್ತಾರೆ, ಗಾಡಿಯವನಿಗೂ ವ್ಯಾಪಾರ.