ಗಾಳಿ ಬೇರೆ ಟೆಂಡರಿನಲ್ಲಿದೆ

ಮುಂಬಯಿಯ ಕುರ್ಲಾದಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಯ ಹಿತ್ತಲಿನ ನಾಲಾ, ಅಂದರೆ ಕೊಳಚೆ ಕಾಲುವೆ, ಮೀಠಿ ನದಿಗೆ ಸೇರುತ್ತದೆ. ಮೀಠಿ ಎಂದರೆ ಸಿಹಿ. ಹೆಸರಿಟ್ಟವರಿಗೆ ಆ ದಿನ ನೆಗಡಿಯಾಗಿದ್ದಿರಬೇಕು. ವಿಹಾರ್, ಪೊವಾಯಿ ಕೆರೆಗಳು ತುಂಬಿ ಹೊರಬಿದ್ದ ನೀರು ಸುಮಾರು 18 ಕಿಲೋಮೀಟರ್ ಹರಿದು ಮಾಹಿಮ್ ಕೊಲ್ಲಿ ಸೇರುವಷ್ಟರಲ್ಲಿ ಗುಜರಿಯವರು ತೊಳೆದ ಡ್ರಮ್ಮುಗಳ ಎಣ್ಣೆ, ತಬೇಲಾಗಳ ಸಗಣಿ, ನಮ್ಮೆಲ್ಲರ ಶೌಚಾಲಯಗಳ ಕಾಣಿಕೆಗಳನ್ನು ಹೊತ್ತಿರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಅದು ಅಷ್ಟನ್ನೂ ಮನೆಮನೆಗೆ ಹಿಂದಿರುಗಿಸಿತು. ತನಗೊಂದು ನದಿಯಿದೆ ಎಂದು ಮುಂಬಯಿಗೆ ನೆನಪಾದದ್ದೇ ಆಗ.

ಈ ಸಲದ ಜೂನ್ 5ಕ್ಕೆ, ವಿಶ್ವ ಪರಿಸರ ದಿನದಂದು, ನಾಲಾದ ಶುದ್ಧಿಗೆ ಬ್ಯಾಕ್ಟೀರಿಯಾ ಬಂದವು, ಇಪ್ಪತ್ತು ಲೀಟರಿನ ಕ್ಯಾನಿನಲ್ಲಿ, ಚೆಂಡುಹೂವಿನ ಹಾರ ಹಾಕಿಸಿಕೊಂಡು. ತೆಂಗಿನಕಾಯಿ ಒಡೆದು ಹೋಳು ನಾಲಾಕ್ಕೆ, ಹಾರ ನಾಲಾಕ್ಕೆ, ಅತಿಥಿಗಳು ಕುಡಿದ ಚಹಾದ ಲೋಟಗಳೂ ನಾಲಾಕ್ಕೆ. ನೌಕರಿಯ ಮೊದಲ ದಿನ ಹಸಿದಿರಬಾರದಲ್ಲ!

ಮುಖ್ಯ ಅತಿಥಿಗಳು ಆನಂದ ಮೋಹನ ಚಕ್ರವರ್ತಿಯವರನ್ನು ಸ್ಮರಿಸಿದರು. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ರೂಪಿಸಿದ ಆ ವಿಜ್ಞಾನಿ, ಅದಕ್ಕೆ ಪೇಟೆಂಟು ಪಡೆಯಲು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1980ರಲ್ಲಿ ನಾಲ್ವರು ನ್ಯಾಯಮೂರ್ತಿಗಳ ವಿರೋಧದ ನಡುವೆ ಐವರ ಒಪ್ಪಿಗೆಯಿಂದ ಗೆದ್ದರು. ಎಣ್ಣೆ ಸುರಿಯುವವರಿಗೆ ಈ ತಾಪತ್ರಯವಿಲ್ಲ. ಅವರದು ಹುಟ್ಟಿನಿಂದಲೇ ಬಂದ ಹಕ್ಕು.

ಕೊನೆಯ ಸಾಲಿನಲ್ಲಿ ನಮ್ಮ ಭಟ್ಟರು ಕುಳಿತಿದ್ದರು. ಮಾಟುಂಗದ ಹೋಟೆಲಿನಲ್ಲಿ ನಲವತ್ತು ವರ್ಷ ಇಡ್ಲಿ ಹಿಟ್ಟು ಕಾದವರು.

“ಈ ಜೀವಿಗಳಿಗೆ ಉಸಿರಾಡಲು ಗಾಳಿ ಎಲ್ಲಿಂದ ಬರುತ್ತದೆ?” ಎಂದು ಗುತ್ತಿಗೆದಾರರನ್ನು ಕೇಳಿದರು.

“ಗಾಳಿ ಬೇರೆ ಟೆಂಡರಿನಲ್ಲಿದೆ.”

ಭಟ್ಟರು ಕೇಳಿದ್ದು ತಮಾಷೆಗಲ್ಲ. ಕೊಳಚೆ ಶುದ್ಧೀಕರಣ ಘಟಕಗಳಲ್ಲಿ ಬ್ಯಾಕ್ಟೀರಿಯಾಗಳೇ ದುಡಿಯುತ್ತವೆ, ಚೆನ್ನಾಗಿಯೇ ದುಡಿಯುತ್ತವೆ. ಆದರೆ ಅಲ್ಲಿ ನೀರನ್ನು ತೊಟ್ಟಿಯಲ್ಲಿ ಗಂಟೆಗಟ್ಟಲೆ ನಿಲ್ಲಿಸಿ, ಗಾಳಿ ಊದುತ್ತಾರೆ. ನಮ್ಮ ನಾಲಾದಲ್ಲಿ ಅವು ಕಣ್ಣುಬಿಡುವ ಮೊದಲೇ ಮುಂದಿನ ಸರಕು ಮೈಮೇಲೆ ಬೀಳುತ್ತದೆ, ಆಗಾಗ ಆಮ್ಲದ ಒಗ್ಗರಣೆಯೊಂದಿಗೆ.

“ಹಿಟ್ಟು ಹುಳಿ ಬರಲು ಒಂದು ರಾತ್ರಿ ಸುಮ್ಮನೆ ಬಿಡಬೇಕು ಮಾರಾಯರೇ. ಗಳಿಗೆಗೊಮ್ಮೆ ಹೊಸ ಅಕ್ಕಿ ಸುರಿಯುತ್ತಿದ್ದರೆ ಇಡ್ಲಿ ಆಗುತ್ತದೆಯೇ?” ಎಂದರು ಭಟ್ಟರು. ಅಷ್ಟರಲ್ಲಿ ಛಾಯಾಚಿತ್ರಕ್ಕೆ ಕರೆ ಬಂದಿತು.

ವಾರದೊಳಗೆ ಮಳೆ ಹಿಡಿದು, ಬ್ಯಾಕ್ಟೀರಿಯಾಗಳೆಲ್ಲ ಅರಬ್ಬೀ ಸಮುದ್ರಕ್ಕೆ ವರ್ಗವಾದವು. ಮುಂದಿನ ಸಭೆಯ ನಡಾವಳಿಯಲ್ಲಿ “ಸಿಬ್ಬಂದಿ ಸ್ವಇಚ್ಛೆಯಿಂದ ಕೆಲಸ ತೊರೆದಿದ್ದಾರೆ” ಎಂದು ದಾಖಲಾಗಿದೆ. ಡ್ರಮ್ಮು ತೊಳೆಯುವವರೊಂದಿಗೆ ಮಾತನಾಡುವ ವಿಷಯವನ್ನು ಸಮಯದ ಅಭಾವದಿಂದ ಮುಂದೂಡಲಾಗಿದೆ.

ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳು ಭಟ್ಟರನ್ನು ಮೆಟ್ಟಿಲ ಬಳಿ ಪಕ್ಕಕ್ಕೆ ಕರೆದರು. “ಇಡ್ಲಿ ಹಿಟ್ಟಿನಲ್ಲಿಯೂ ಬ್ಯಾಕ್ಟೀರಿಯಾ ಇರುತ್ತವೆಯಂತೆ, ಹೌದೇ? ಇಪ್ಪತ್ತು ಲೀಟರಿಗೆ ಎಷ್ಟಾಗಬಹುದು?”